ಮೆಟ್ಟಿಲು ಎತ್ತರ ಮಾಡಿದವರು ಯಾರು?

ಹಾಸನದಲ್ಲಿ ನಿವೃತ್ತರ ಒಂದು ಬಳಗದವರು ಸಂಜೆ ಸಭೆಗೆ ಕರೆದಿದ್ದರು. ಅಲ್ಲಿ ಆಡಿದ ಮಾತನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತು ದಾರಿ ಬಿಟ್ಟು ಹೋದ ಕಡೆ ಸ್ವಲ್ಪ ಕತ್ತರಿ ಹಾಕಿದ್ದೇನೆ. ಪೂರ್ತಿ ಹಾಕಿಲ್ಲ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ 'ವೃದ್ಧಾಪ್ಯ ಮತ್ತು ವಿಜ್ಞಾನ'. ವೃದ್ಧಾಪ್ಯ ಅನ್ನುವ ಪದ ಕೇಳಿದರೇ ಹತ್ತು ವರ್ಷ ಜಾಸ್ತಿ ಆದ ಹಾಗಾಗುತ್ತದೆ. ಅದಕ್ಕೆ ನಾನೇ ವಿಷಯವನ್ನು ಸ್ವಲ್ಪ ಬದಲಾಯಿಸಿಕೊಂಡೆ. ನನಗೆ ವಯಸ್ಸಾಯಿತು ಅಂತ ನನಗೆ ಹೇಗೆ ಗೊತ್ತಾಯಿತು? ಇವತ್ತಿನ ಮಾತು ಇಷ್ಟೇ.

ಇದೇನು ದೊಡ್ಡ ಪ್ರಶ್ನೆ ಅನ್ನಬಹುದು. ಹುಟ್ಟಿದ ತಾರೀಖು ಗೊತ್ತಿದ್ದರೆ ಲೆಕ್ಕ ಹಾಕಿದರಾಯಿತು. ನಾನು ಹುಟ್ಟಿದ್ದು 1965ರಲ್ಲಿ, ವಿಶ್ವಾವಸು ಸಂವತ್ಸರ. ಅರವತ್ತು ಸಂವತ್ಸರಗಳು ಒಂದು ಸುತ್ತು ಬಂದು 2025ರ ಯುಗಾದಿಗೆ ಮತ್ತೆ ವಿಶ್ವಾವಸುವೇ ಬಂತು. ಅದೇ ವರ್ಷ ಸರ್ಕಾರವೂ ನನಗೆ ಹಾರ ಹಾಕಿ ಮನೆಗೆ ಕಳಿಸಿತು. 'ಅರವತ್ತಕ್ಕೆ ಅರಳು ಮರಳು' ಅನ್ನುವ ಗಾದೆ ಮೊದಲೇ ಕಾದು ಕೂತಿತ್ತು. ಪಂಚಾಂಗ, ಸರ್ಕಾರ, ಗಾದೆ ಮೂರೂ ಒಟ್ಟಿಗೆ ಹೇಳಿದವು. ಆದರೂ ನನಗೆ ನಾಟಲಿಲ್ಲ. ಆ ದಿನ ಬೆಳಗ್ಗೆ ಎದ್ದವಳು ಹಿಂದಿನ ರಾತ್ರಿ ಮಲಗಿದವಳೇ ತಾನೇ?

ನನಗೆ ನಾಟಿದ್ದು ಅದಕ್ಕೂ ಏಳು ವರ್ಷ ಮುಂಚೆ, ಶ್ರವಣಬೆಳಗೊಳದ ಬೆಟ್ಟದ ಮೇಲೆ.

ನಮ್ಮ ಜಿಲ್ಲೆಯವರಿಗೆ ವಯಸ್ಸು ಅಳೆಯುವ ಒಂದು ಕೋಲು ಇದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕ. ನನ್ನ ಕಾಲದಲ್ಲಿ ಆಗಿರುವುದು ನಾಲ್ಕು ಅಂತ ಹೇಳಬಹುದು. 1981, 1993, 2006, 2018. ಅದಕ್ಕೂ ಹಿಂದಿನದು ನನ್ನ ನೆನಪಿನಲ್ಲಿಲ್ಲ.

1981 ಅಂದರೆ ಮೂರ್ತಿಗೆ ಸಾವಿರ ವರ್ಷ ತುಂಬಿದ ಸಂಭ್ರಮ. ಇಂದಿರಾ ಗಾಂಧಿ ಹೆಲಿಕಾಪ್ಟರ್‌ನಲ್ಲಿ ಬಂದು ಹೂ ಸುರಿದ ವರ್ಷ. ನನಗೆ 15. ಜನಜಂಗುಳಿ ಕರಗಿದ ಮೇಲೆ ಅಪ್ಪ ನಮ್ಮನ್ನು ಕರೆದುಕೊಂಡು ಹೋದರು. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲಲ್ಲಿ ನಾನೂ ತಮ್ಮನೂ ಪೈಪೋಟಿಗೆ ಬಿದ್ದು ಓಡಿದೆವು. ಹತ್ತಿದ್ದೇ ನೆನಪಿಲ್ಲ. ಮೇಲೆ ಹೋಗಿ ಅಪ್ಪನಿಗಾಗಿ ಕಾದು ಬೇಜಾರಾಗಿದ್ದು ನೆನಪಿದೆ.

1993ರ ಡಿಸೆಂಬರ್. ನನಗೆ 28. ಎರಡು ವರ್ಷದ ಮಗಳು ಸೊಂಟದ ಮೇಲೆ. ಸುಸ್ತಾಯಿತು. ಆದರೆ ಭಾರ ಮಗಳದು, ನನ್ನದಲ್ಲ.

2006ಕ್ಕೆ ಅಮ್ಮನನ್ನು ಕರೆದುಕೊಂಡು ಹೋದೆ. ಅವಳಿಗೆ ಮಂಡಿ ನೋವು. ಡೋಲಿ ಮಾಡಿದೆವು. ಹೊರುವವರು ಹೊತ್ತು ನಡೆದರು, ನಾನು ಪಕ್ಕದಲ್ಲಿ ಬಂದೆ. ಅಮ್ಮ ಇಡೀ ದಾರಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಎತ್ತರಕ್ಕೆ ಹೆದರಿದ್ದಾಳೆ ಅಂದುಕೊಂಡೆ. ನಾಚಿಕೆ ಇರಬೇಕು ಅಂತ ಈಗ ಅನ್ನಿಸುತ್ತದೆ. ಆಗ ಕೇಳಲಿಲ್ಲ. ಈಗ ಕೇಳುವುದಕ್ಕೆ ಅವಳಿಲ್ಲ.

2018ರ ಫೆಬ್ರವರಿ. ನನಗೆ 52. ಅಂದು ಸೊಂಟದ ಮೇಲಿದ್ದ ಮಗಳು ಈಗ ನನ್ನ ಮುಂದೆ ಮುಂದೆ ಹತ್ತುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತು ಕರೆದೆ. "ಜನ ಜಾಸ್ತಿ ಬರ್ತಾರೆ ಅಂತ ಈ ಸಲ ಏನೋ ರಿಪೇರಿ ಮಾಡಿದ್ದಾರೆ ಕಣೇ. ಮೆಟ್ಟಿಲು ಎತ್ತರ ಮಾಡ್ಬಿಟ್ಟಿದ್ದಾರೆ."

ಅವಳು ಕೆಳಗೆ ನೋಡಿದಳು. ನನ್ನ ಮುಖ ನೋಡಿದಳು. "ಅಮ್ಮಾ, ಇವು ಬಂಡೆಲೇ ಕಡಿದಿರೋ ಮೆಟ್ಟಿಲು" ಅಂದಳು.

ಆ ಬೆಟ್ಟ ಒಂದು ಹೆಬ್ಬಂಡೆ. ಮೆಟ್ಟಿಲು ಅದರ ಮೈಯಲ್ಲೇ ಕಡಿದದ್ದು. ಅದನ್ನು ಎತ್ತರ ಮಾಡಬೇಕಾದರೆ ಬೆಟ್ಟವನ್ನೇ ಎತ್ತಬೇಕು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಎದುರಿಗೆ ಎರಡು ವಿವರಣೆ ಇದ್ದವು. ನನ್ನ ತೊಡೆಯ ಶಕ್ತಿ ಕಮ್ಮಿಯಾಗಿದೆ, ಇಲ್ಲವೇ ಯಾರೋ ಗ್ರಾನೈಟ್ ಬೆಟ್ಟವನ್ನು ತಿದ್ದಿದ್ದಾರೆ. ನಾನು ಎರಡನೆಯದನ್ನು ಆರಿಸಿಕೊಂಡಿದ್ದೆ!

(ಇಲ್ಲಿ ಸಭೆ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಮಂಡಿ ಸವರಿಕೊಳ್ಳುತ್ತಿದ್ದರು.)

ಅವತ್ತಿನಿಂದ ನಾನು ಗಮನಿಸುತ್ತಾ ಬಂದಿದ್ದೇನೆ. ವಯಸ್ಸು ಬಾಗಿಲು ತಟ್ಟಿ 'ನಾನು ಬಂದೆ' ಅನ್ನುವುದಿಲ್ಲ. ಮೊದಲು ಅದು ಲೋಕದ ತಪ್ಪಾಗಿ ಕಾಣುತ್ತದೆ. ಅಕ್ಷರ ಸಣ್ಣ ಮಾಡಿದ್ದಾರೆ. ಈಗಿನ ಮಕ್ಕಳು ಬಾಯೊಳಗೇ ಮಾತಾಡುತ್ತವೆ. ಬೆಲ್ಟಿನ ತೂತು ಸರಿಯಾಗಿ ಹಾಕಿಲ್ಲ. ದೂರು ಕೊಟ್ಟು ಕೊಟ್ಟು ಸಾಕಾದ ಮೇಲೆ ಒಂದು ದಿನ ಯಾರೋ ಮಗಳೋ ಮೊಮ್ಮಗನೋ ಒಂದು ಮಾತು ಅನ್ನುತ್ತಾರೆ. ಆಗ ಗೊತ್ತಾಗುತ್ತದೆ.

ಮೆಟ್ಟಿಲಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ಮೇಲೆ ವೇಗ ಇನ್ನೂ ಜಾಸ್ತಿ. ಅದರಲ್ಲೂ ಮೊದಲು ಸಣ್ಣಗಾಗುವುದು ವೇಗದ ಎಳೆಗಳು. ತಟ್ಟನೆ ಎದ್ದೇಳಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಎಳೆಗಳು ಅವು. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟವರು ಇರ್ವಿನ್ ರೋಸೆನ್‌ಬರ್ಗ್, 1989ರಲ್ಲಿ. ಗ್ರೀಕ್ ಪದ. ಮಾಂಸದ ಬಡತನ ಅಂತ ಅರ್ಥ ಮಾಡಿಕೊಳ್ಳಬಹುದು. ಸಮಾಧಾನದ ವಿಷಯ ಅಂದರೆ ಭಾರ ಎತ್ತುವ ವ್ಯಾಯಾಮ ಮಾಡಿದರೆ ಎಂಬತ್ತರಲ್ಲೂ ಸ್ನಾಯು ಬಲ ಕೂಡುತ್ತದೆ. ನಾನು ದಿನಾ ಎರಡು ನೀರಿನ ಬಾಟಲಿ ಎತ್ತುತ್ತೇನೆ. ನಮ್ಮ ಮನೆಯವರು ನಗುತ್ತಾರೆ. ನಗಲಿ.

ಕಣ್ಣಿನ ವಿಷಯಕ್ಕೆ ಬಂದರೆ ನಮ್ಮ ಭಾಷೆ ಬಹಳ ನೇರ. ಚಾಳೀಸು ಅಂತ ಹೆಸರು. ಹಿಂದಿಯ ನಲವತ್ತು. ಕನ್ನಡಕಕ್ಕೇ ವಯಸ್ಸಿನ ಹೆಸರು ಇಟ್ಟುಬಿಟ್ಟಿದ್ದೇವೆ. ಕಣ್ಣೊಳಗಿನ ಮಸೂರ ಹುಟ್ಟಿನಿಂದ ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಬೆಳೆಯುತ್ತಲೇ ಇರುತ್ತದೆ. ಹಳೆಯ ಪದರ ಉದುರುವುದಿಲ್ಲ, ಒಳಗೇ ಉಳಿದು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಸೂರ ಉಬ್ಬುವುದಿಲ್ಲ. ಉಬ್ಬದಿದ್ದರೆ ಹತ್ತಿರದ್ದು ಕಾಣುವುದಿಲ್ಲ. ಹತ್ತು ವರ್ಷದ ಮಗು ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲದು. ಐವತ್ತರ ಹೊತ್ತಿಗೆ ಅದೇ ಅಕ್ಷರ ಹೆಚ್ಚು ಕಡಿಮೆ ಒಂದು ತೋಳು ಆಚೆ ಹೋಗಿರುತ್ತದೆ.

ಇದು ನನಗೆ ಗೊತ್ತಾಗಿದ್ದು ಅಕ್ಕಿಯಿಂದ. ನಲವತ್ತೆರಡೋ ಮೂರೋ ಇರಬೇಕು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುತ್ತಾ ಮನೆಯವರಿಗೆ ಹೇಳಿದೆ. "ಈಗಿನ ಮಿಲ್ಲುಗಳನ್ನ ಮೆಚ್ಚಬೇಕು ನೋಡಿ. ಒಂದು ಕಲ್ಲಿಲ್ಲ." ಮಧ್ಯಾಹ್ನ ಊಟಕ್ಕೆ ಕೂತವರು ಕಟಕ್ ಅನ್ನಿಸಿ ದವಡೆ ಹಿಡಿದುಕೊಂಡರು. ನೋಡಿ, ವಯಸ್ಸು ಯಾವಾಗಲೂ ದೂರಿನ ರೂಪದಲ್ಲೇ ಬರುವುದಿಲ್ಲ. ಒಂದೊಂದು ಸಲ ಹೊಗಳಿಕೆಯಾಗಿಯೂ ಬರುತ್ತದೆ.

ಇನ್ನು ಜೀರುಂಡೆಯ ಕಥೆ. ಇದನ್ನು ಹೇಳಲೋ ಬೇಡವೋ ಅಂತ ಮನೆಯಲ್ಲಿ ಯೋಚಿಸಿದ್ದೆ. ಇಲ್ಲಿ ಸಕಲೇಶಪುರದವರೂ ಇದ್ದಾರೆ, ಹೇಳಿಯೇ ಬಿಡುತ್ತೇನೆ.

ನನ್ನ ಕೆಲಸದ ಬಹುಪಾಲು ಸಕಲೇಶಪುರದ ಕಡೆ ಆಯಿತು. ಅಲ್ಲಿಯ ಸಂಜೆ ನಿಮಗೆ ಗೊತ್ತು. ಕತ್ತಲಾಗುತ್ತಿದ್ದ ಹಾಗೆ ಜೀರುಂಡೆಗಳು ಶುರು ಮಾಡಿದರೆ ಕಾಡೇ ಒಂದು ತಂಬೂರಿ. ಐವತ್ತೈದರ ಆಸುಪಾಸಿನಲ್ಲಿ ನನಗೆ ಅನ್ನಿಸತೊಡಗಿತು, ಸದ್ದು ಕಮ್ಮಿಯಾಗಿದೆ. ಮುಂದಿನ ವರ್ಷ ಇನ್ನೂ ಕಮ್ಮಿ. ತೋಟಗಳಲ್ಲಿ ಔಷಧಿ ಹೊಡೆಯುವುದು ಜಾಸ್ತಿಯಾಯಿತು, ಕೀಟ ಎಲ್ಲಾ ಸತ್ತವು ಅಂತ ನನ್ನ ತೀರ್ಮಾನ. ಸುಮ್ನೆ ತೀರ್ಮಾನ ಮಾಡಿ ಕೂತಿದ್ದರೆ ಪರವಾಗಿರಲಿಲ್ಲ. ಶಾಲೆಯ ಪರಿಸರ ದಿನಕ್ಕೆ ಇದರ ಮೇಲೇ ಭಾಷಣ ಮಾಡಿದೆ. 'ನಮ್ಮ ಕಾಡು ಮೌನವಾಗುತ್ತಿದೆ' ಅಂತ ಗದ್ಗದವಾಗಿ ಹೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಷಯ ಮನಸ್ಸಿಗೆ ತಾಗಿತು ಅಂದುಕೊಂಡೆ.

ಆ ವಾರವೇ ಒಂದು ಸಂಜೆ ಪರಿಚಯದವರ ಮನೆಯ ಜಗಲಿಯಲ್ಲಿ ಕೂತಿದ್ದೆ. ಅವರ ಮನೆಯ ಪುಟ್ಟ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದಳು. ಯಾಕೆ ಅಂದೆ. "ಜೀರುಂಡೆ ಕಿರ್‍ರೋ ಅಂತ ಅರಚ್ತಿದಾವಲ್ಲಾ ಮಿಸ್!" ನಾನು ಕಿವಿ ಕೊಟ್ಟು ಕೇಳಿದೆ. ದೂರದಲ್ಲಿ ಒಂದು ನಾಯಿ. ಅಡುಗೆಮನೆಯ ಪಾತ್ರೆ ಸದ್ದು. ಅಷ್ಟೇ.

ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸದ್ದು ಹಿಡಿಯುವ ಸುಮಾರು 15 ಸಾವಿರ ಕೂದಲು ಕೋಶಗಳು. ತಗ್ಗಿನ ಸದ್ದು ಸುರುಳಿಯ ಒಳತುದಿಯಲ್ಲಿ ಕೇಳುತ್ತದೆ. ಕೀರಲು ಸದ್ದಿಗೆ ಬಾಗಿಲ ಬಳಿಯ ಕೋಶಗಳು. ಸವೆತ ಶುರುವಾಗುವುದು ಈ ಬಾಗಿಲಿನ ಕಡೆಯಿಂದಲೇ. ಹೋದ ಕೋಶ ಮತ್ತೆ ಹುಟ್ಟುವುದಿಲ್ಲ. ಮನುಷ್ಯರ ಕಿವಿಯ ಹರವು 20ರಿಂದ 20 ಸಾವಿರ ಹರ್ಟ್ಸ್ ಅಂತ ಪಾಠದಲ್ಲಿ ಓದಿಸುತ್ತೇವಲ್ಲ, ಅದು ಎಳೆಯರ ಕಿವಿಯ ಲೆಕ್ಕ. ಜೀರುಂಡೆಗಳಲ್ಲಿ ಕೆಲವು ನಾಲ್ಕೈದು ಸಾವಿರ ಹರ್ಟ್ಸ್‌ನಲ್ಲಿ ಕೂಗುತ್ತವೆ, ಕೆಲವು ಹತ್ತು ಸಾವಿರ ದಾಟುತ್ತವೆ. ಕಾಡು ಅಲ್ಲೇ ಕೂಗುತ್ತಿತ್ತು. ನನ್ನ ಬಾಗಿಲು ಮುಚ್ಚಿತ್ತು.

ಮಾತಿನಲ್ಲೂ ಹೀಗೇ ಆಗುತ್ತದೆ. ಸ್ವರಗಳು ತಗ್ಗಿನ ಸದ್ದು, ಅವು ಚೆನ್ನಾಗಿ ಕೇಳುತ್ತವೆ. ಸ, ಶ, ತ, ಪ ಇಂಥವು ಕೀರಲು, ಮೆಲುವಾದ ಸದ್ದು. ಅವು ಸೋರಿಹೋಗುತ್ತವೆ. ಅದಕ್ಕೇ 'ನೀವು ಮಾತಾಡೋದು ಕೇಳ್ಸುತ್ತೆ, ಏನಂತ ಗೊತ್ತಾಗಲ್ಲ' ಅನ್ನುತ್ತೇವೆ. ಮನೆಯವರು "ಸೊಪ್ಪು ತರ್ಲಾ?" ಅಂದರು. ನನಗೆ "ಉಪ್ಪು ತರ್ಲಾ?" ಅಂತ ಕೇಳಿಸಿತು. ಇದೆಯಲ್ಲಾ, ಬೇಡ ಅಂದೆ. ಅವತ್ತು ಸಾರಿಗೆ ಸೊಪ್ಪಿಲ್ಲ. ತಪ್ಪು ಯಾರದು? ಅವರದೇ. ಸ್ಪಷ್ಟವಾಗಿ ಹೇಳಬೇಕಿತ್ತು!

ಒಂದು ಮಾತನ್ನು ಇಲ್ಲೇ ಹೇಳಬೇಕು. ಹೆಂಗಸರ ವಿಷಯ. ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಮೊದಮೊದಲು ನಾನೂ ಹತ್ತನೇ ತರಗತಿಗೆ ಆ ಪಾಠ ಬಂದಾಗ 'ಮನೇಲಿ ಓದ್ಕೊಳ್ಳಿ' ಅಂದು ಮುಂದಿನ ಪಾಠಕ್ಕೆ ಹೋದವಳೇ. ಆ ಪಾಪಕ್ಕೆ ಈಗ ಪ್ರಾಯಶ್ಚಿತ್ತ. ಮುಟ್ಟು ನಿಲ್ಲುವುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 45 ದಾಟಿದ ಮೇಲೆ, ಐವತ್ತರ ಒಳಗೆ. ನನಗೆ ನಲವತ್ತೆಂಟರಲ್ಲಿ. ಡಿಸೆಂಬರ್ ತಿಂಗಳು, ಸಕಲೇಶಪುರ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸ್ವೆಟರ್ ಹಾಕಿ ಕೂತಿದ್ದಾರೆ. ನಾನು ಅಟೆಂಡರನ್ನು ಕರೆದು "ಎಷ್ಟು ಸೆಕೆ ಮಾರಾಯ, ಫ್ಯಾನ್ ಹಾಕು" ಅಂದೆ. ಅವನು ಫ್ಯಾನ್ ನೋಡಿದ, ಹೊರಗೆ ಮಂಜು ನೋಡಿದ, ನನ್ನನ್ನು ನೋಡಿದ. ಹಿರಿಯ ಟೀಚರ್ ಒಬ್ಬರು ಏನೂ ಹೇಳದೆ ಎದ್ದು ಹೋಗಿ ಸ್ವಿಚ್ ಹಾಕಿ ಬಂದರು. ನನ್ನ ಪಕ್ಕ ಕೂತು ಒಂದು ಲೋಟ ನೀರು ಕೊಟ್ಟರು. ಆ ಲೋಟದಿಂದಲೇ ನನಗೆ ತಿಳಿಯಿತು.

ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನು ಇಳಿದಾಗ ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಹೈಪೋಥಲಾಮಸ್ ಅತಿ ಸೂಕ್ಷ್ಮವಾಗುತ್ತದೆ. ಚೂರು ಬಿಸಿ ಏರಿದರೂ ಬೆಂಕಿ ಬಿದ್ದ ಹಾಗೆ ಬೆವರು ಹರಿಸುತ್ತದೆ. ಅಷ್ಟೇ ಸಂಗತಿ. ಗಂಡಸರೇ, ನೀವು ಸೀಲಿಂಗ್ ನೋಡುವುದು ಬಿಟ್ಟು ಮನೆಗೆ ಹೋಗಿ ಫ್ಯಾನ್ ಹಾಕಿ.

ನಿವೃತ್ತಿ ಆದಮೇಲೆ ಒಂದು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಬೇಕಾಯಿತು. ಮೆಷಿನ್ ತೆಗೆದುಕೊಳ್ಳಲಿಲ್ಲ. ಒರೆಸಿ ಒತ್ತಿದೆ, ಇಲ್ಲ. ಮೆಷಿನ್ ಕೆಟ್ಟಿದೆ ಅಂದೆ. "ಇಲ್ಲ ಮೇಡಂ, ವಯಸ್ಸಾದವರದ್ದು ಸವೆದಿರುತ್ತೆ, ಬರಲ್ಲ" ಅಂದ ಆ ಹುಡುಗ, ತಲೆ ಎತ್ತದೆ. ಬೆರಳಿನ ಗೆರೆ ನಿಜಕ್ಕೂ ಚಪ್ಪಟೆಯಾಗುತ್ತದೆ, ಚರ್ಮ ಒಣಗುತ್ತದೆ. ಸೀಮೆಸುಣ್ಣ, ಹುಣಸೆಹಣ್ಣು, ಪಾತ್ರೆ ಪುಡಿ ಎಲ್ಲಾ ಸೇರಿ ಸವೆಸಿರುತ್ತವೆ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಬರುತ್ತಿತ್ತು. ನನಗೆ ಓದು ಬಂತು, ಹೆಬ್ಬೆಟ್ಟು ಬರಲಿಲ್ಲ.

ಆದರೆ ಇಲ್ಲಿ ಒಂದು ತಡೆ ಹಾಕಬೇಕು. ಲೋಕದ ತಪ್ಪು ಅಂತ ಅನ್ನಿಸಿದ್ದೆಲ್ಲಾ ನಮ್ಮ ವಯಸ್ಸೇ ಅಂತ ಒಪ್ಪಿಕೊಂಡುಬಿಟ್ಟರೆ ಅದೂ ಮೋಸ. ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸೊಬ್ಬಳು ನನಗೆ ಹೇಳಿದ್ದಳು. ಅವಳಿಗೆ ವಯಸ್ಸು ಗೊತ್ತಾಗಿದ್ದು ಸಂಜೆಯ ತೂಕದಲ್ಲಿ. ಮೊದಲು ಕೊಯ್ಯುತ್ತಿದ್ದಷ್ಟೇ ಹೊತ್ತು ಕೊಯ್ಯುತ್ತಾಳೆ, ಚೀಲ ತೂಗಿದರೆ ಕಮ್ಮಿ. ತೂಕ ಬರೆದುಕೊಳ್ಳುವ ತೋಟದ ರೈಟರು ಮೋಸ ಮಾಡ್ತಿದಾನೆ ಅಂತ ಅನುಮಾನ. ಒಂದು ದಿನ ಪಕ್ಕದ ಸಾಲಿನ ಹುಡುಗಿಯ ಕೈ ನೋಡಿದಳಂತೆ. "ನನ್ನ ಕೈ ಮೊದ್ಲು ಹಂಗೆ ಹೋಗ್ತಿತ್ತು ಮಿಸ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದಳು. "ಆದ್ರೂ ಒಂದೊಂದ್ಸಲ ರೈಟರೂ ಹೊಡೀತಾನೆ."

ಆ ಎರಡನೇ ಮಾತು ನನಗೆ ಬಹಳ ಇಷ್ಟ. ಬಸ್ಸಿನ ಮೊದಲ ಮೆಟ್ಟಿಲು ನಿಜವಾಗಿಯೂ ಎತ್ತರ. ಮಾತ್ರೆ ಪಟ್ಟಿಯ ಮೇಲಿನ ಅಕ್ಷರ ನಿಜವಾಗಿಯೂ ಸಣ್ಣದು. ಬೆಳ್ಳಿ ಬಣ್ಣದ ಹಾಳೆಯ ಮೇಲೆ ತಾರೀಖನ್ನು ಬಣ್ಣವೇ ಇಲ್ಲದೆ ಒತ್ತುತ್ತಾರೆ. ಅದನ್ನು ಯಾರು ಓದಬೇಕು? ಮಾತ್ರೆ ಜಾಸ್ತಿ ತಿನ್ನುವವರು ನಾವು. ದೂರು ಕೊಡುವುದನ್ನು ಬಿಡಬೇಡಿ. ಬಂಡೆಯ ಮೇಲೆ ದೂರು ಕೊಡಬೇಡಿ, ಅಷ್ಟೇ.

ಕೂರುವುದರ ಬಗ್ಗೆ ಎರಡು ಮಾತು. ನೀವು ಯಾರದಾದರೂ ಮನೆಗೆ ಹೋದರೆ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ನನ್ನದು ಈಗ ಕುರ್ಚಿಗೆ ಹೋಗುತ್ತದೆ. ಕೈ ಇರುವ ಕುರ್ಚಿಯೋ, ತೀರಾ ತಗ್ಗಿನ ಸೋಫಾನೋ. ಕೂರುವಾಗ 'ಉಸ್ಸಪ್ಪಾ', ಏಳುವಾಗ 'ಅಯ್ಯೋ ಶಿವನೇ'. ಇದನ್ನು ನಾನು ಹೇಳುತ್ತೇನೆ ಅಂತಲೇ ನನಗೆ ಗೊತ್ತಿರಲಿಲ್ಲ. ಮಗಳು ಫೋನಿನಲ್ಲಿ ಕೇಳಿಸಿಕೊಂಡು ಹೇಳಿದಳು. ಬ್ರೆಜಿಲ್‌ನಲ್ಲಿ 51ರಿಂದ 80 ವಯಸ್ಸಿನ 2,002 ಜನರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿದರು. ಕೈ, ಮಂಡಿ ಊರಿದರೆ ಅಂಕ ಕಡಿತ. ಅಂಕ ಕಮ್ಮಿ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು ಅಂತ 2012ರಲ್ಲಿ ವರದಿ ಬಂತು. ನಮ್ಮ ಪಂಕ್ತಿ ಊಟ ದಿನಾ ಇದೇ ಪರೀಕ್ಷೆ ಮಾಡುತ್ತಿತ್ತು. ಈಗ ಮದುವೆ ಮನೆಯಲ್ಲಿ ಎಲ್ಲಾ ಟೇಬಲ್. ಮನೆಗೆ ಹೋಗಿ ಒಬ್ಬರೇ ಈ ಪರೀಕ್ಷೆ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಇರಲಿ.

ಮರೆವಿನ ಬಗ್ಗೆ ಕೇಳಬೇಕು ಅಂತ ಮುಂದಿನ ಸಾಲಿನವರು ಆಗಲೇ ಕೈ ಎತ್ತಿದ್ದರು. ಟೀಚರುಗಳ ಪಾಡು ನಿಮಗೆ ಗೊತ್ತಿಲ್ಲ. ಎನ್.ಆರ್. ವೃತ್ತದ ಹತ್ತಿರ ಗಡ್ಡ ಬಿಟ್ಟ ಗಂಡಸೊಬ್ಬ ಕಾಲಿಗೆ ಬೀಳುತ್ತಾನೆ. "ಮಿಸ್, ಗುರುತು ಸಿಕ್ತಾ?" ಎರಡನೇ ಬೆಂಚು, ಎಡಗೈಯಲ್ಲಿ ಬರೆಯುತ್ತಿದ್ದ, ಕಪ್ಪೆ ಕೊಯ್ದ ದಿನ ವಾಂತಿ ಮಾಡಿದ್ದ. ಎಲ್ಲಾ ಬಂತು. ಹೆಸರು ಬರಲಿಲ್ಲ. ಹೆಸರು ಯಾಕೆ ಮೊದಲು ಜಾರುತ್ತದೆ ಅಂದರೆ ಅದಕ್ಕೆ ಕೊಕ್ಕೆ ಇಲ್ಲ. 'ಇವರು ಪೂಜಾರಿ' ಅಂದರೆ ಗಂಟೆ, ಮಡಿ, ತಟ್ಟೆ ಎಲ್ಲಾ ಜೊತೆಗೆ ಬಂದು ನೆನಪಿನಲ್ಲಿ ಕೂರುತ್ತವೆ. 'ಇವರ ಹೆಸರು ಪೂಜಾರಿ' ಅಂದರೆ ಬರೀ ಸದ್ದು. ಮನಶ್ಶಾಸ್ತ್ರದವರು ಇಂಥ ಜೋಡಿಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದ್ದಾರೆ. ಹರೆಯದವರಿಗೂ ಕಸುಬು ನೆನಪಿರುತ್ತದೆ, ಅದೇ ಪದ ಹೆಸರಾದರೆ ಮರೆತುಹೋಗುತ್ತದೆ. ಹೆಸರು ಮರೆತದ್ದಕ್ಕೆ ಹೆದರಬೇಡಿ. ದಿನಾ ಓಡಾಡುವ ದಾರಿ ಮರೆತರೆ ಡಾಕ್ಟರ ಹತ್ತಿರ ಹೋಗಿ.

ಇಷ್ಟು ಹೊತ್ತು ಮೈ ವಿಷಯ ಆಯಿತು. ನಮ್ಮ ವಯಸ್ಸನ್ನು ನಮಗಿಂತ ಮೊದಲು ನೋಡುವುದು ಬೇರೆಯವರ ಕಣ್ಣು. ಅಕ್ಕ ಅನ್ನುತ್ತಿದ್ದ ತರಕಾರಿಯವನು ಒಂದು ದಿನ ಆಂಟಿ ಅಂದ. ಅದನ್ನು ನುಂಗಿಕೊಂಡೆ. ಈಗ ಅವನ ಮಗ ಅಜ್ಜಿ ಅನ್ನುತ್ತಾನೆ. ಅಂಗಡಿ ಬದಲಾಯಿಸಿದ್ದೇನೆ.

ಬಸ್ಸಿನಲ್ಲಿ ನಾನು ಬಚಾವ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆಲ್ಲಾ ಸೊನ್ನೆ ಟಿಕೆಟ್ಟು, ವಯಸ್ಸು ಕೇಳುವವರಿಲ್ಲ. ನಮ್ಮ ಮನೆಯವರು ಸಿಕ್ಕಿಬಿದ್ದರು. ಅರವತ್ತು ದಾಟಿದ ಗಂಡಸರಿಗೆ ಸಾರಿಗೆ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ ಇದೆಯಲ್ಲ. ಇವರಿಗಿನ್ನೂ ಐವತ್ತೇಳು. ಕಂಡಕ್ಟರ್ ಬಹಳ ವಿನಯದಿಂದ "ಯಜಮಾನ್ರೇ, ಸೀನಿಯರ್ ಸಿಟಿಜನ್ ಕಾರ್ಡ್ ಇದ್ರೆ ತೋರ್ಸಿ" ಅಂದ. ಇವರು ಪೂರ್ತಿ ದುಡ್ಡು ಕೊಟ್ಟರು. ಹಾಸನದಿಂದ ಬೇಲೂರಿನವರೆಗೆ ಮಾತಾಡಲಿಲ್ಲ.

ಹಾಸನಾಂಬೆಯ ಸಾಲಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾರೆ. ಹೋದ ವರ್ಷ ಹಚ್ಚಿದ ದೀಪ ಉರಿಯುತ್ತಲೇ ಇರುತ್ತದೆ, ಹೂ ಬಾಡಿರುವುದಿಲ್ಲ ಅಂತ ನಮ್ಮ ನಂಬಿಕೆ. ಬಾಡುವುದು ಸಾಲಿನಲ್ಲಿ ನಿಂತವರು. ದಿನಾ ನೋಡುವ ಗಂಡನಿಗೆ ವಯಸ್ಸಾಗಿದ್ದು ನನಗೆ ಕಾಣುವುದಿಲ್ಲ. ಆ ಸಾಲಿನಲ್ಲಿ ವರ್ಷಕ್ಕೊಮ್ಮೆ ಸಿಗುವ ನನ್ನ ಹೈಸ್ಕೂಲ್ ಗೆಳತಿಗೆ ಪ್ರತಿ ಸಲವೂ ಒಂದೊಂದು ಪೆಟ್ಟು ಬಿದ್ದ ಹಾಗೆ ವಯಸ್ಸಾಗಿರುತ್ತದೆ. 'ಪಾಪ, ಎಷ್ಟು ಇಳಿದು ಹೋಗಿದ್ದಾಳೆ' ಅಂತ ಮರುಗುತ್ತೇನೆ. ಅವಳು ನನ್ನನ್ನೇ ನೋಡುತ್ತಿರುತ್ತಾಳೆ. ಅವಳ ಕಣ್ಣಲ್ಲೂ ಅದೇ ಪಾಪ.

ಹಾಗಾದರೆ ಒಳಗಿರುವವಳಿಗೆ ಎಷ್ಟು ವಯಸ್ಸು? ಸಭೆಯಲ್ಲಿ ಎಲ್ಲರನ್ನೂ ಕೇಳಿದೆ, ನಿಮಗೆ ಒಳಗೆ ಎಷ್ಟು ಅನ್ನಿಸುತ್ತದೆ ಹೇಳಿ. ಎಪ್ಪತ್ತೆಂಟರ ಹಿರಿಯರೊಬ್ಬರು ಎದ್ದು ನಿಂತು ಹೇಳಿದರು. "ನನಗೆ ಐವತ್ತು. ಮಂಡಿಗೆ ಮಾತ್ರ ತೊಂಬತ್ತು." ಡೆನ್ಮಾರ್ಕ್‌ನಲ್ಲಿ ರೂಬಿನ್ ಮತ್ತು ಬರ್ನ್ಟ್‌ಸನ್ ಅನ್ನುವವರು ಇದನ್ನೇ ಕೇಳಿ 2006ರಲ್ಲಿ ಪ್ರಕಟಿಸಿದ್ದರು. ನಲವತ್ತು ದಾಟಿದವರು ಸರಾಸರಿ ಶೇಕಡಾ 20ರಷ್ಟು ಚಿಕ್ಕವರು ಅಂದುಕೊಂಡಿರುತ್ತಾರೆ. ಆ ಲೆಕ್ಕದಲ್ಲಿ ನನ್ನ ಅರವತ್ತಕ್ಕೆ ನಲವತ್ತೆಂಟು. ನಮ್ಮ ಹಿರಿಯರದ್ದು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಆಯಿತು, ಇರಲಿ.

ನನಗೆ ಈಗ ಅನ್ನಿಸುವುದು ಇದು. ನನ್ನ ಒಳಗಿನ ನಲವತ್ತೆಂಟರವಳು ಮೆಟ್ಟಿಲು ಹತ್ತುತ್ತಾಳೆ, ಕಾಲು ಅರವತ್ತರದು. ಎರಡಕ್ಕೂ ತಾಳೆ ಆಗುವುದಿಲ್ಲ. ತಾಳೆ ಆಗದ ಆ ಹನ್ನೆರಡು ವರ್ಷಕ್ಕೆ ಯಾರನ್ನಾದರೂ ಹೊಣೆ ಮಾಡಬೇಕಲ್ಲ? ಬಂಡೆ ಸಿಕ್ಕಿತು.

ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಒಂದು ಲೆಕ್ಕ ಕೊಟ್ಟರು. ಅಮೆರಿಕದ ಓಹಾಯೋದಲ್ಲಿ ಐವತ್ತು ದಾಟಿದ 660 ಜನ. ವಯಸ್ಸಾಗುವುದರ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಅನುಕೂಲ, ಒಂಟಿತನ ಎಲ್ಲಾ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿದಿತ್ತು. ಅಧ್ಯಯನದ ಬಗ್ಗೆ ನನಗೆ ಗೌರವ ಇದೆ. ಅದನ್ನು ಹೇಳಿ ಉಪದೇಶ ಮಾಡುವವರ ಬಗ್ಗೆ ಅಷ್ಟಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ ತಿಂಗಳಿಡೀ ಕಾಯುವ ಅಜ್ಜಿಗೆ 'ಪಾಸಿಟಿವ್ ಆಗಿ ಯೋಚ್ನೆ ಮಾಡಿ' ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಕೊನೆಯದಾಗಿ ಮತ್ತೆ ಬೆಟ್ಟಕ್ಕೆ ಬರುತ್ತೇನೆ. 2018ರಲ್ಲಿ ಮಗಳ ಕೈ ಹಿಡಿದು ಹೇಗೋ ಮೇಲೆ ಹೋದೆ. ನಾಲ್ಕನೇ ಸಲ ನೋಡುತ್ತಿದ್ದರೂ ಅವತ್ತೇ ಒಂದು ಕಂಡಿತು. ಬಾಹುಬಲಿಯ ಕಾಲ ಬಳಿ ಹುತ್ತ ಬೆಳೆದಿದೆ. ತೊಡೆಗೆ, ತೋಳಿಗೆ ಬಳ್ಳಿ ಹಬ್ಬಿದೆ. ಎಷ್ಟು ಕಾಲ ನಿಂತಿದ್ದಾನೆ ಅಂತ ಶಿಲ್ಪಿ ಹೇಳಬೇಕಿತ್ತು. ಮುಖದಲ್ಲಿ ಒಂದು ಗೆರೆ ಹಾಕಲಿಲ್ಲ. ಕೂದಲಾಗಲಿ ಬೆನ್ನಾಗಲಿ ಮುಟ್ಟಲಿಲ್ಲ. ಕಾಲವನ್ನೆಲ್ಲಾ ಸುತ್ತಲಿನ ಬಳ್ಳಿಯಲ್ಲಿ, ಹುತ್ತದಲ್ಲಿ ತೋರಿಸಿಬಿಟ್ಟ. ನಾನು ಏದುಸಿರು ಬಿಡುತ್ತಾ ನೋಡುತ್ತಾ ನಿಂತೆ. ಅಮ್ಮ ಡೋಲಿಯಿಂದ ಇಳಿದು ಕೂತಿದ್ದ ಜಾಗದಲ್ಲೇ ಕೂತೆ. ಕೂರುವಾಗ 'ಉಸ್ಸಪ್ಪಾ' ಅಂದಿರಬೇಕು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗೆ ಸಮಯ ಕೊಟ್ಟರು. ಮೊದಲ ಪ್ರಶ್ನೆ ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು "ಮೇಡಂ, ಮುಂದಿನ ಸಲ ಬತ್ತೀರಾ?" ಅಂದರು. ನನಗೆ ಖುಷಿಯಾಯಿತು. "ಕರೆದರೆ ಖಂಡಿತ ಬರ್ತೀನಿ" ಅಂದೆ.

ಸಭೆಯಲ್ಲಿ ಗುಸುಗುಸು. ಅವರು ಮೈಕ್ ಹತ್ತಿರ ಬಂದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಬತ್ತೀರಾ ಅಲ್ಲ ಮೇಡಂ. ಹ-ತ್ತೀ-ರಾ ಅಂದೆ. 2030ಕ್ಕೆ ಬೆಟ್ಟ ಹತ್ತೀರಾ?"

ಅಷ್ಟರಲ್ಲಿ ಅವರು ಮೆಟ್ಟಿಲನ್ನ ಇನ್ನೂ ಎತ್ತರ ಮಾಡದೇ ಇದ್ರೆ ಹತ್ತುತ್ತೀನಿ ಅಂದೆ.